ಗಾಬರಿಯಪ್ಪನ ಥರ್ಮಾಮೀಟರ್

ಮಾರ್ಚ್ 4, ಸಂಜೆ

ಮತ್ತೆ ಜ್ವರ ನೋಡಿದೆ. ಇಲ್ಲ. ಬಿಸಿನೀರು ಕೊಟ್ಟೆ, ದಿಂಬು ಸರಿಮಾಡಿದೆ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ನಿನ್ನೆ ಬೆಳಿಗ್ಗೆ ಆಸ್ಪತ್ರೆಗೆ ಹೋದ ಹೆಂಡತಿ ಗರ್ಭಕೋಶ ತೆಗೆಸಿಕೊಂಡು ಸಂಜೆಗೆಲ್ಲ ಮನೆಯಲ್ಲಿ. ಈಗೆಲ್ಲ ಹೀಗೇ ಅಂತೆ, ಡೇ ಕೇರ್. ಲಿಫ್ಟ್ ರಿಪೇರಿ ಮಾಡುವ ನಾವು ಮೋಟರ್ ಬಿಚ್ಚಿ ಜೋಡಿಸಿದರೆ ಒಂದು ದಿನವಾದರೂ ಖಾಲಿ ಓಡಿಸಿ ನೋಡುತ್ತೇವೆ. ಇವರು ಅದೇ ದಿನ ಕೈಗೆ ಚೀಟಿ ಕೊಟ್ಟು ಕಳಿಸಿದರು.

ಸಿಸ್ಟರ್ ಹೇಳಿದ್ದೆಲ್ಲ ಬಾಯಿಪಾಠ. ಭಾರ ಎತ್ತಬಾರದು. ಸ್ವಲ್ಪ ಸ್ವಲ್ಪ ನಡೆಯಬೇಕು. ನೀರು ಚೆನ್ನಾಗಿ ಕುಡಿಯಬೇಕು. ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್. ರಕ್ತ ಜಾಸ್ತಿ ಹೋದರೆ, ಜ್ವರ ಬಂದರೆ ತಕ್ಷಣ ಫೋನ್... ಈ ‘ಬಂದರೆ’ ತಲೆಯಲ್ಲಿ ಕೂತುಬಿಟ್ಟಿದೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಥರ್ಮಾಮೀಟರ್ ಎಂದು ಫೋನಿನಲ್ಲಿ ಅಲಾರಂ ಇಟ್ಟೆ. ಅವಳಿಗೂ ತಿಳಿಸಿದೆ. ನಕ್ಕಳು. ಆಗಲಿ ಗಾಬರಿಯಪ್ಪ, ಅಂದಳು. ಮದುವೆಯಾದಾಗಿನಿಂದ ನನಗೆ ಅದೇ ಹೆಸರು.

ಮಾರ್ಚ್ 5, ಮಧ್ಯಾಹ್ನ

ಕೈ ಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಬಾಗಿಲ ಹೊರಗೆ ನಿಂತು ಆಯ್ತಾ ಅಂದೆ. ಮತ್ತೆ ಆಯ್ತಾ ಅಂದೆ. ನೀವು ಅಲ್ಲೇ ನಿಂತ್ರೆ ಆಗೋದೂ ಆಗಲ್ಲ ಅಂದಳು. ಹಾಲಿಗೆ ಬಂದೆ. ಕಿವಿ ಮಾತ್ರ ಅಲ್ಲೇ.

ಅವಳು ಗಾಬರಿಯಪ್ಪ ಅನ್ನುವುದು ಸುಮ್ಮನೆ ಅಲ್ಲ. ಹಿಂದೊಮ್ಮೆ ಅವಳಿಗೆ ಎದೆ ಉರಿ ಬಂದಾಗ ಆಂಬ್ಯುಲೆನ್ಸ್ ಕರೆಸಿದ್ದೆ. ಬಂದವರು ನನ್ನ ಬಿಪಿ ನೋಡಿ ನನ್ನನ್ನೇ ಮಲಗಿಸಿದರು. ಅವಳು ಎದೆ ಉಜ್ಜಿಕೊಳ್ಳುತ್ತಾ ನನಗೆ ಗಾಳಿ ಬೀಸಿದಳು. ನಮ್ಮ ಬಿಲ್ಡಿಂಗಿನವರೆಲ್ಲ ನೋಡಿದ್ದಾರೆ.

ಜ್ವರ ಇಲ್ಲ.

ಮಾರ್ಚ್ 6, ಸಂಜೆ

ಜ್ವರ ಇಲ್ಲ. ಆದರೂ ಮುಖ ಬಾಡಿದೆ. ಸೆಕೆಯಲ್ಲೂ ಹೊದಿಕೆ ಬಿಡುತ್ತಿಲ್ಲ. ಬ್ರೆಡ್ ಅರ್ಧ ತಿಂದಳು. ಉರಿ ಇದೆಯಾ ಅಂದರೆ ಇಲ್ಲ. ನೋವಾ ಅಂದರೆ ಇಲ್ಲ. ಎಲ್ಲಕ್ಕೂ ಇಲ್ಲ.

ಸಿಸ್ಟರ್‌ಗೆ ಫೋನ್ ಮಾಡಿದೆ. ಜ್ವರ ಎಷ್ಟಿದೆ ಕೇಳಿದರು. ನಾರ್ಮಲ್ ಅಂದೆ. ಹಾಗಾದರೆ ಸುಸ್ತಿರುತ್ತೆ, ನೋಡ್ತಾ ಇರಿ ಅಂದರು. ನೋಡುತ್ತಲೇ ಇದ್ದೇನೆ ತಾಯಿ, ರಜೆ ಹಾಕಿರುವುದೇ ಅದಕ್ಕೆ. ಆದರೂ ಯಾಕೋ ಸರಿಯಿಲ್ಲ.

ಮಾರ್ಚ್ 7, ಆಸ್ಪತ್ರೆ ವರಾಂಡ

ಹಾಲು ತರಲು ಹೊರಟವನು ಪರ್ಸ್ ಮರೆತು ಅರ್ಧ ಮೆಟ್ಟಿಲಿಂದ ವಾಪಸ್ ಬಂದೆ. ಬೆನ್ನು ಗೋಡೆಗಾನಿಸಿ ಮಾತ್ರೆ ನುಂಗುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಮಾತ್ರೆಯ ಸ್ಟ್ರಿಪ್ ದಿಂಬಿನಡಿ ತಳ್ಳಿದಳು. ಪ್ಯಾರಾಸಿಟಮಾಲ್. ಹಣೆ ಮುಟ್ಟಿದೆ. ಕೆಂಡ.

ಎರಡು ದಿನದಿಂದ ಹೀಗೇ ಅಂತೆ. ನನ್ನ ಅಲಾರಂಗೆ ಮುಂಚೆ ಮಾತ್ರೆ. ನಾನು ಥರ್ಮಾಮೀಟರ್ ತರುವಷ್ಟರಲ್ಲಿ ಜ್ವರ ಇಳಿದಿರುತ್ತಿತ್ತು. ಲಿಫ್ಟ್ ಇನ್ಸ್‌ಪೆಕ್ಷನ್‌ಗೆ ಬರುತ್ತೇವೆಂದು ತಿಳಿಸಿದರೆ ಬಿಲ್ಡಿಂಗಿನವರು ಹಿಂದಿನ ದಿನವೇ ಎಣ್ಣೆ ಬಿಟ್ಟಿಡುತ್ತಾರೆ, ಆ ದಿನ ಯಾವ ಲಿಫ್ಟೂ ಕಿರುಗುಟ್ಟುವುದಿಲ್ಲ. ಇದು ಗೊತ್ತಿದ್ದೂ ಮನೆಯಲ್ಲಿ ಹೇಳಿಟ್ಟು ಇನ್ಸ್‌ಪೆಕ್ಷನ್ ಮಾಡಿದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಯಾಕೆ ಮುಚ್ಚಿಟ್ಟೆ ಅಂತ ಕೂಗಿದೆ. ಮೆಲ್ಲಗೆ ಹೇಳಿದಳು.

“ನಿಮಗೆ ಹೇಳಿದ್ರೆ ನಿಮ್ಮನ್ನ ಯಾರು ನೋಡ್ಕೋತಾರೆ ರೀ? ನನಗೀಗ ಎದ್ದು ಓಡಾಡೋ ಶಕ್ತಿ ಇಲ್ಲ.”

ಕೋಪ ಬಂದಿತ್ತು. ಎಲ್ಲಿ ಹೋಯಿತೋ. ಆಟೋ ಕರೆದೆ. ಈಗ ಒಳಗೆ ಡ್ರಿಪ್ ಹಾಕುತ್ತಿದ್ದಾರೆ, ನನ್ನನ್ನು ಬಿಟ್ಟಿಲ್ಲ. ಭಯವಾಗುತ್ತಿದೆ. ಅವಳಿಲ್ಲದ ಮನೆ ನೆನೆಸಿಕೊಳ್ಳಲೂ ಆಗುತ್ತಿಲ್ಲ.

ಮಾರ್ಚ್ 11

ಮನೆ. ಮೂತ್ರದ ಇನ್ಫೆಕ್ಷನ್. ಆಂಟಿಬಯಾಟಿಕ್ ಕೊಟ್ಟ ಮೇಲೆ ಜ್ವರ ಬಿಟ್ಟಿತು. ಇನ್ನೂ ತಡ ಮಾಡಿದ್ದರೆ ಅಂದು ಡಾಕ್ಟರ್ ಮಾತು ಪೂರ್ತಿ ಮಾಡಲಿಲ್ಲ. ಮಾಡದಿದ್ದದ್ದೇ ಒಳ್ಳೆಯದು.

ಅಲಾರಂ ತೆಗೆದುಹಾಕಿದೆ. ಏನಾದರೂ ಆದರೆ ನೀನೇ ಹೇಳಬೇಕು ಅಂದೆ. ನೀವು ಮುಖ ಹಾಗೆ ಮಾಡದಿದ್ದರೆ ಹೇಳುತ್ತೇನೆ ಅಂದಳು. ಹೇಗೆ ಮಾಡುತ್ತೇನೆ? ಮಾಡಿ ತೋರಿಸಿದಳು. ಹೆಣ ಕಂಡವನ ಮುಖ. ಇಬ್ಬರೂ ನಕ್ಕೆವು. ನಗುವಾಗ ಹೊಟ್ಟೆ ಹಿಡಿದುಕೊಂಡಳು, ಹೊಲಿಗೆ ಎಳೆಯುತ್ತಂತೆ. ನನಗೆ ತಕ್ಷಣ ಅದೇ ಮುಖ ಬಂತು.

ಮಾರ್ಚ್ 13, ಬೆಳಿಗ್ಗೆ

ಕೇಳಬಾರದೆಂದು ಹಾಲಿನಲ್ಲೇ ಕೂತಿದ್ದೇನೆ. ನಿನ್ನೆಯೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಏನೂ ಇಲ್ಲದೆ ಹೇಳಲಿಲ್ಲವೋ, ಇದ್ದೂ ಹೇಳಲಿಲ್ಲವೋ... ಕೇಳುವುದಕ್ಕಿಂತ ಕೇಳದಿರುವುದೇ ಕಷ್ಟ.

ಒಳಗಿಂದ ಕರೆಯುತ್ತಿದ್ದಾಳೆ.

“ರೀ, ಬನ್ನಿ ಇಲ್ಲಿ. ನೋವಾಗ್ತಿದೆ. ಯಾಕೋ ಭಯಾನೂ ಆಗ್ತಿದೆ.”

ಬಂದೆ ಅಂದೆ. ದನಿ ನಡುಗಲಿಲ್ಲ. ಮುಖ ಮಾತ್ರ ಅದೇ ಆಗಿರಬೇಕು, ಒರೆಸಿಕೊಂಡೆ. ಆದರೂ ಹೇಳಿದಳಲ್ಲ, ತಾನಾಗಿಯೇ, ನನ್ನನ್ನೇ ಕರೆದು—