ಸೂಜಿಬಾಯಿ ಸಾಯಲೇಬೇಕು

ಮಾರ್ಚ್ ೯, ಭಾನುವಾರ

ಅಕ್ಕನಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಇಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ಯೂನಿಫಾರ್ಮ್ ಅಳತೆಗೆ ಬಂದ ಮಕ್ಕಳು ನಿನ್ನ ಟೈಲರ್ ಅಂಗಡಿಯ ಬಾಗಿಲಲ್ಲೇ ನಿಂತು ‘ಸೂಜಿಬಾಯಿ’ ಎಂದು ಕೂಗಿ ಓಡುತ್ತಾರಂತೆ. ನನ್ನ ಮುಂದಿನ ಮಕ್ಕಳ ಕಥೆಪುಸ್ತಕದಲ್ಲಾದರೂ ಆ ಮಾಟಗಾತಿಯನ್ನು ಕೈಬಿಡಬೇಕಂತೆ.

ಹೌದು, ಅವಳು ನೀನೇ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು, ಎಡಗೈಯಲ್ಲಿ ಕತ್ತರಿ ಹಿಡಿಯುವುದು, ಎಲ್ಲವೂ ನಿನ್ನದೇ. ಮಲಗಿದ್ದ ರಾಣಿಯ ಉಸಿರಿನ ದಾರವನ್ನು ಅವಳು ಕತ್ತರಿಸುವ ಪುಟ ಬರೆದ ದಿನ ಹೊಟ್ಟೆತುಂಬ ಉಂಡೆ. ಅಮ್ಮ ಹೋದ ಮೇಲೆ ಹಾಗೆ ಉಂಡದ್ದು ಅದೇ ಮೊದಲು.

ಅಮ್ಮ ಹೋದ ದಿನ ನಾನು ರೈಲಿನಲ್ಲಿದ್ದೆ. ಬರುತ್ತಿದ್ದೇನೆ, ಕಾಯುತ್ತಿರು ಎಂದು ಫೋನಿನಲ್ಲಿ ಹೇಳಿದ್ದೆ. ನೀನು ಹೂಂ ಎಂದೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನೀನು ಅಮ್ಮನ ಆಕ್ಸಿಜನ್ ಮಾಸ್ಕ್ ತೆಗೆಸಿ, ಹೊದಿಕೆಯನ್ನೂ ಮಡಿಸಿಟ್ಟಿದ್ದೆ. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಹೋದ ವಾರ ಪುಸ್ತಕದಂಗಡಿಯಲ್ಲಿ ಆ ವಾರ್ಡಿನ ನರ್ಸ್ ಸಿಕ್ಕರು. ಮೊಮ್ಮಗಳಿಗೆ ನನ್ನ ಸಹಿ ಹಾಕಿಸಿಕೊಳ್ಳಲು ಬಂದಿದ್ದರು. ಅಂದು ಮಾಸ್ಕ್ ಸರಿಸಿ ಅಮ್ಮನೇ ನಿನ್ನನ್ನು ಬೇಡಿಕೊಂಡಳಂತೆ.

“ಚಿಕ್ಕವಳು ಬರೋ ಮುಂಚೆ ಇದನ್ನ ತೆಗೆಸಿಬಿಡು. ಅವಳು ಬಂದ್ರೆ ನನ್ನ ಹೋಗೋಕೆ ಬಿಡಲ್ಲ. ನಾನೇ ಹೇಳಿದೆ ಅಂತ ಅವಳಿಗೆ ಹೇಳಬೇಡ.”

ನೀನು ಅಮ್ಮನ ಕಾಲು ಹಿಡಿದುಕೊಂಡು ಬಹಳ ಹೊತ್ತು ಆಗಲ್ಲ, ಆಗಲ್ಲ ಎಂದೆಯಂತೆ.

ನನ್ನ ಪುಸ್ತಕವಾಗಿದ್ದರೆ ಇಲ್ಲಿಗೆ ಶಾಪ ಬಿಟ್ಟುಹೋಗಿ, ತಂಗಿ ಓಡಿಬಂದು ಅಕ್ಕನನ್ನು ತಬ್ಬಿಕೊಳ್ಳುತ್ತಿದ್ದಳು. ಅಲ್ಲಿ ಕೆಟ್ಟವರು ಯಾರೆಂದು ಬಟ್ಟೆಯ ಬಣ್ಣ ನೋಡಿಯೇ ಹೇಳಬಹುದು. ನನಗೆ ಮಾತ್ರ ಸಿಟ್ಟು ಹೆಚ್ಚಾಯಿತು. ಇಬ್ಬರೂ ಸೇರಿ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿರಿ. ಅಮ್ಮನನ್ನು ದ್ವೇಷಿಸಲು ನನ್ನಿಂದಾಗದು. ಅವಳ ಪಾಲಿನ ದ್ವೇಷವನ್ನೂ ನೀನೇ ಇಟ್ಟುಕೋ. ಮಾತು ಉಳಿಸಿಕೊಂಡು ನೀನು ದೊಡ್ಡವಳಾದೆ. ನಾನು ಇಷ್ಟು ವರ್ಷ ಹಲ್ಲು ಕಡಿದದ್ದೆಲ್ಲ ದಂಡವಾಯಿತು. ಅದಕ್ಕೂ ನಿನ್ನನ್ನು ಕ್ಷಮಿಸುವುದಿಲ್ಲ.

ಕೊನೆಯ ಭಾಗ ನಾಳೆ ಅಚ್ಚಿಗೆ ಹೋಗುತ್ತದೆ. ಸೂಜಿಬಾಯಿ ಸುಟ್ಟು ಬೂದಿಯಾಗುತ್ತಾಳೆ, ರಾಜ್ಯಕ್ಕೆ ರಾಜ್ಯವೇ ಚಪ್ಪಾಳೆ ತಟ್ಟುತ್ತದೆ. ತಿದ್ದಲು ಇವತ್ತು ಇಡೀ ದಿನ ಕೈಯಲ್ಲಿತ್ತು. ತಿದ್ದಲಿಲ್ಲ. ಭಾವನಿಗೆ ಹೇಳು.

ಬೇಡವೆಂದರೂ ನಿನ್ನ,
ತಂಗಿ

ಮರೆತಿದ್ದೆ: ಮಂಗಳವಾರ ಬೆಳಿಗ್ಗೆಯ ರೈಲಿಗೆ ಬರುತ್ತಿದ್ದೇನೆ. ರಾಜಿಗಲ್ಲ. ಅಂದು ಕೊನೆಗೆ ಅಮ್ಮ ನಿನ್ನ ಕಿವಿಯಲ್ಲಿ ಇನ್ನೇನೋ ಅಂದಳಂತೆ, ನರ್ಸ್‌ಗೆ ಕೇಳಿಸಲಿಲ್ಲವಂತೆ. ಅದರಲ್ಲಿ ನನ್ನ ಹೆಸರಿತ್ತಾ?