ಕಲಿಸಿದವರ ಹೆಸರು

ಮನೆ, ಹಿಂದಿನ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ಅಕ್ಕನ ಬಾಣಂತನ ಮಾಡಲು ಹೋಗಿ ನೀನೇ ಹಾಸಿಗೆ ಹಿಡಿಯಬೇಡ. ಕೂಸು ಚೆನ್ನಾಗಿದೆಯೇ? ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದ ಬರೆಯುತ್ತಲೇ ಮೂರು ಸಲ ಎದ್ದುಹೋಗಿ ಬಂದೆ.

ಸ್ವಂತ ಅಂಗಡಿ ಹಾಕುವ ಹೆಂಗಸರಿಗೆ ನೆರವು ಕೊಡುವ ಕೇಂದ್ರಕ್ಕೆ ಹೋಗಿದ್ದೆ. ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ನೋಡಲು ಮೊದಲು ಒಂದು ಪರೀಕ್ಷೆ. ಕೆಟ್ಟ ವಸ್ತು ಕಂಡರೆ ಎಸೆಯುತ್ತೀರೋ, ಬಿಚ್ಚುತ್ತೀರೋ ಎಂಬಂಥ ಅರವತ್ತು ಪ್ರಶ್ನೆ. ಅಲ್ಲಿಯ ಮೇಡಂ ನನ್ನ ಹಾಳೆ ನೋಡಿ, ನಿಮಗೆ ಮೋಟರ್ ರಿಪೇರಿ ಬಿಟ್ಟು ಬೇರೇನೂ ಹೊಂದುವುದಿಲ್ಲ ಎಂದು ನಕ್ಕರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ ಎಡವಟ್ಟು ಮಾಡಿದೆ. ಅರ್ಜಿಯಲ್ಲಿ 'ಕೆಲಸ ಕಲಿಸಿದವರು' ಎಂಬಲ್ಲಿ ಹಿಂದೆಮುಂದೆ ನೋಡದೆ ಅಪ್ಪನ ಹೆಸರು ಬರೆದುಬಿಟ್ಟೆ.

ರೂಢಿ ನೋಡು. ಈ ಕೋಣೆಯಲ್ಲಿ ಕೂತು ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತಿದವಳು ನೀನು. ಮುಂದಿನ ಅಂಗಡಿಯಲ್ಲಿ ಅದನ್ನು ಗಿರಾಕಿಯ ಕೈಗಿಟ್ಟು ಮೇಸ್ತ್ರಿ ಅನ್ನಿಸಿಕೊಂಡವರು ಅಪ್ಪ. ಹೆಂಗಸು ಸುತ್ತಿದ್ದೆಂದು ತಿಳಿದರೆ ಯಾರು ತಂದಾರು ಎಂದು, ಗಿರಾಕಿ ಬಂದಾಗೆಲ್ಲ ನೀನೇ ಈ ಕೋಣೆಯ ಬಾಗಿಲು ಮುಂದೆ ಮಾಡುತ್ತಿದ್ದೆ. ನಾನು ಸುತ್ತು ತಪ್ಪಿದಾಗ, "ಬಾಯಲ್ಲಲ್ಲ, ಬೆರಳಲ್ಲಿ ಎಣಿಸು" ಅಂತ ತಲೆಗೆ ಮೊಟಕಿದವಳೂ ನೀನೇ. ಆ ಮೊಟಕು ಎಷ್ಟು ಬೇಕಾಗಿದೆ ಈಗ!

ಕಲಿಸಿದವರು ಇದೇ ಇಪ್ಪತ್ತೆಂಟಕ್ಕೆ ಕೇಂದ್ರಕ್ಕೆ ಬಂದು, ಎಲ್ಲರೆದುರು ಒಂದು ಮೋಟರ್ ಸುತ್ತಿ ತೋರಿಸಿ ಸಹಿ ಹಾಕಬೇಕಂತೆ. ಆಗಲೇ ಅಂಗಡಿಗೆ ಒಪ್ಪಿಗೆ. ಅರ್ಜಿಯನ್ನೂ ಅಂದೇ ಕೊಡಬೇಕು, ಈಗ ನನ್ನ ಹತ್ತಿರವೇ ಇದೆ. ಅಪ್ಪನಿಗೋ ಒಂದು ಸುತ್ತೂ ಬಾರದು; ವಿಷಯ ಹೇಳಿದಾಗಿನಿಂದ ಅವರ ಊಟ ಅಷ್ಟಕ್ಕಷ್ಟೆ. ನಿನ್ನ ಹೆಸರು ಬರೆದರೆ ಅವರ ಮೇಸ್ತ್ರಿತನ ಹೋಗುತ್ತದೆ, ಬರೆಯದಿದ್ದರೆ ನನ್ನ ಅಂಗಡಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಮ್ಮಾ, ನನಗೆ ಅಂಗಡಿ ಬೇಕು. ಅಪ್ಪನ ತಲೆ ತಗ್ಗುವುದೂ ಬೇಡ. ಏನು ಮಾಡಲಿ, ಬರೆ.

ಅಕ್ಕನಿಗೆ ನೆನಪು, ಕೂಸಿಗೆ ಮುತ್ತು, ನಿನ್ನ ಸೊಂಟಕ್ಕೆ ವಿಶ್ರಾಂತಿ.

ನಿನ್ನ ಕಿರಿಮಗಳು

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಅರ್ಜಿ ಕೇಳಿದರು. ತಮ್ಮ ಹೆಸರನ್ನು ತಾವೇ ಹೊಡೆದುಹಾಕಿ ನಿನ್ನದು ಬರೆದರು. "ನಾನು ಬಾಗಿಲು ಕಾಯ್ದೆ ಅಷ್ಟೆ. ಅವಳಿಗೆ ಬರೋಕೆ ಹೇಳು" ಅಂದರು. ಕಾಗದ ಕಂಡ ಕೂಡಲೇ ಹೊರಡಲು ಸಿದ್ಧಳಾಗು. ಅಕ್ಕನನ್ನೂ ಕೂಸನ್ನೂ ನೋಡಿಕೊಳ್ಳಲು ಅಪ್ಪ ಅಲ್ಲಿಗೆ ಬರುತ್ತಾರಂತೆ, ಚೀಲ ತುಂಬುತ್ತಿದ್ದಾರೆ. ಕೂಸಿಗೆ ಸ್ನಾನ ಮಾಡಿಸಲು ಬರುತ್ತದೆಯೇ ಎಂದು ಕೇಳಿದೆ. "ಅಲ್ಲಿಂದ ಹೊರಡೋ ಮುಂಚೆ ನಿಮ್ಮಮ್ಮ ಕಲಿಸ್ತಾಳೆ ಬಿಡು" ಅಂದರು.