ಜಾಡಿಯ ಮೆರುಗು, ನಿಮ್ಮ ಕೈಗುಣ

ಅತ್ತೆಮ್ಮ,

ನಿಮ್ಮ ಸೊಸೆ ಸಾವಿತ್ರಿಯ ನಮಸ್ಕಾರ. ನೀವಿದ್ದಾಗ ಹೇಳಲು ಬಾಯಿ ಬರಲಿಲ್ಲ. ಇದನ್ನು ಓದಿ ನೀವು ಬೈದರೆ ನನಗೆ ಎಷ್ಟೋ ಸಮಾಧಾನ.

ತಿಪಟೂರು ಸಂತೆಯಲ್ಲಿ ಉಪ್ಪಿನಕಾಯಿ ಜಾಡಿ ಕೊಂಡ ದಿನ ನೆನಪಿದೆಯೇ? ನಾನು ಬಿಳಿಗೆರೆಗೆ ಸೊಸೆಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ನೀವು ಒಂದೊಂದು ಪಿಂಗಾಣಿ ಜಾಡಿಯೊಳಗೂ ಮೊಳಕೈವರೆಗೆ ಕೈಯಿಳಿಸಿ ಸವರುತ್ತಿದ್ದಿರಿ. "ಏನಮ್ಮೋ, ಜಾಡಿಗೂ ನಾಡಿ ನೋಡ್ತೀಯಾ?" ಅಂದ ಅಂಗಡಿಯವನು. "ಹೂಂ ಕಣಪ್ಪ, ಒಳಗಡೆ ಮೆರುಗು ಗಟ್ಟಿ ಐತಾ ನೋಡ್ಬೇಕಲ್ಲ. ಅದು ಒಡುದ್ರೆ ಮಣ್ಣು ನೀರು ಕುಡೀತದೆ, ಉಪ್ಪಿನಕಾಯಿ ಕೆಡ್ತದೆ" ಅಂದಿರಿ.

ಕೊಬ್ಬರಿ ಚೂರಿಗೆ ಬೆಲ್ಲದ ಪಾಕ ಹೊದಿಸುವಾಗಲೂ ನಿಮ್ಮದು ಅದೇ ಮಾತು: "ಮೆರುಗು ಬಂತೇನೇ?" ನಿಮ್ಮ ಚೂರುಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು, ನನ್ನವು ಮಂಕು. ನೀವು ಶೆಟ್ಟಿಕೆರೆಗೆ ನಾಮಕರಣಕ್ಕೆ ಹೋದ ಮಧ್ಯಾಹ್ನ, ಕಲಿತೇಬಿಡೋಣವೆಂದು ಪಾಕ ಇಟ್ಟೆ. ಗ್ಯಾಸ್ ಒಲೆ ಬಂದ ಹೊಸತು. ಉರಿಯ ಅಳತೆ ಸಿಗದೆ ಸೀದುಹೋಯಿತು. ಅಷ್ಟರಲ್ಲಿ ಅಂಗಳದಲ್ಲಿ ನಿಮ್ಮ ದನಿ! ಕುದಿಯುವ ಪಾಕವನ್ನು ಎಲ್ಲಿ ಅಡಗಿಸಲಿ? ತೊಳೆದು ಮೂಲೆಯಲ್ಲಿಟ್ಟಿದ್ದ ಆ ಸಂತೆಯ ಜಾಡಿಗೆ ಸುರಿದೆ. ಒಳಗೆ ಟಿಣ್ ಅಂದಿತು. ವಾಸನೆ ಏನೆಂದು ನೀವು ಕೇಳಿದ್ದಕ್ಕೆ ಹಾಲು ಉಕ್ಕಿತು ಅಂದೆ.

ಮಾರನೆಯ ದಿನ ನೀವು ತೋಟಕ್ಕೆ ಹೋದಾಗ ಬಿಸಿನೀರು ಹುಯ್ದು ಪಾಕ ತೆಗೆದೆ. ನೋಡಿದರೆ ಮೆರುಗಿನ ತುಂಬ ಕೂದಲಿನಂಥ ಸೀಳುಗಳು. ಕೂದಲಷ್ಟೇ ತಾನೇ ಅಂದುಕೊಂಡು ಒರೆಸಿಟ್ಟೆ. ಆ ವಾರವೇ ನೀವು ಅದಕ್ಕೆ ಮಾವಿನಕಾಯಿ ತುಂಬಿದಿರಿ.

ಗೌರಿ ಹಬ್ಬಕ್ಕೆ ಬಾಯಿಬಟ್ಟೆ ಬಿಚ್ಚಿದರೆ ಜಾಡಿಯ ತುಂಬ ಬೂಷ್ಟು. ಬೀದಿಯಲ್ಲಿ ಯಾರು ಉಪ್ಪಿನಕಾಯಿ ಹಾಕಿದರೂ ಮೊದಲ ಹಿಡಿ ಉಪ್ಪು ನಿಮ್ಮದು. ನಿಮ್ಮ ಕೈಗುಣದ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಅಂಥ ನೀವು ಅಂಗೈ ತಿರುಗಿಸಿ ನೋಡಿಕೊಂಡು, "ಕೈಗುಣ ಹೋಯ್ತು ಕಣವ್ವ. ಇನ್ಮೇಲೆ ನೀನೇ ಹಾಕು" ಅಂದಿರಿ. "ಅತ್ತೆಮ್ಮ, ಅದು..." ಅಂದೆ. "ಅಳಬ್ಯಾಡ ಬುಡು, ವಯಸ್ಸಾದ್ಮೇಲೆ ಇದ್ದಿದ್ದೇ" ಅಂದು ನೀವೇ ನನ್ನ ಕಣ್ಣೊರೆಸಿದಿರಿ. ಆಮೇಲೆ ಹೇಗೆ ಹೇಳಲಿ?

ಮುಂದಿನ ಬೇಸಿಗೆಯಿಂದ ಬೀದಿಯವರು ನನ್ನನ್ನೇ ಕರೆದರು. ನೀವು ಜೊತೆಗೆ ಬಂದು, ಅಪ್ಪಿತಪ್ಪಿ ಎಲ್ಲಿ ತಗುಲೀತೋ ಎಂದು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂರುತ್ತಿದ್ದಿರಿ. "ಸೊಸೆ ಕೈ ಚಿನ್ನ ಕಣ್ರೇ" ಎಂದು ಯಾರಾದರೂ ಅಂದರೆ ನೀವು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ನೀವು ಹೋಗುವ ತನಕ, ಆರು ವರ್ಷ.

ಮೊನ್ನೆ ಎದುರುಮನೆ ಗಂಗಮ್ಮ, ಕಿರಿಮಗಳ ಮದುವೆಯ ಉಪ್ಪಿನಕಾಯಿಗೆ ಕರೆದಳು. ಉಪ್ಪು ಹಿಡಿದ ಕೈ ಮೇಲೇಳಲಿಲ್ಲ ಅತ್ತೆಮ್ಮ. ಅಷ್ಟೂ ಹೆಂಗಸರ ಮುಂದೆ ಎಲ್ಲ ಹೇಳಿಬಿಟ್ಟೆ. "ಥೂ ನಿನ್ನ! ಸೀದಿದ್ ಪಾಕಾನ ತಿಪ್ಪೆಗೆ ಹಾಕೋದಲ್ವೇನೇ" ಎಂದು ಯಾರೋ ನಕ್ಕರು. ಗಂಗಮ್ಮ ನಗಲಿಲ್ಲ. "ಹಂಗಾರೆ ಆಯಮ್ಮನ ಕೈ ಕೆಟ್ಟೇ ಇರ್ನಿಲ್ಲ! ನನ್ ದೊಡ್ಮಗಳ ಮದ್ವೇಲಿ ಜಾಡಿ ಹತ್ರ ಬರಬ್ಯಾಡ ಅಂದ್ಬುಟ್ಟಿದ್ನಲ್ಲೇ..." ಅಂದಳು.

ನಿಮ್ಮ ಕೈ ಕೆಟ್ಟಿರಲಿಲ್ಲ ಅತ್ತೆಮ್ಮ. ಈಗ ಇಡೀ ಬೀದಿಗೆ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ಲ.